ಅವರ ಗೇಮ್ ಮಶೀನಿಗೆ ನನ್ನ ಕೈ

ಭಿವಂಡಿಯಿಂದ ಆ ಟೆಂಪೋ ಬಂದು ಡೊಂಬಿವಲಿಯ ನಮ್ಮ ಕಟ್ಟಡದ ಗೇಟಿನ ಮುಂದೆ ನಿಂತಾಗ ನಾನು ಒಂದು ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಸಂಜೆಯ ಮದುವೆಗೆ ಕೊಡಬೇಕಾದ ರವಿಕೆ ಅದು. ಕೆಳಗಿನಿಂದ ವಾಚ್‌ಮನ್ ಕೂಗಿದ: "ಭಾಬೀ, ಆಪ್ ಕಾ ಕಪಾಟ್ ಆಯಾ ಹೈ!" ನಾವು ಯಾವ ಕಪಾಟನ್ನೂ ತರಿಸಿರಲಿಲ್ಲ. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಗೋಣಿತಾಟು ಸುತ್ತಿ ಹಗ್ಗ ಬಿಗಿದ ಆಳೆತ್ತರದ ಪೆಟ್ಟಿಗೆಯೊಂದು ಟೆಂಪೋದಲ್ಲಿ ಅಡ್ಡ ಮಲಗಿತ್ತು. ಅದರ ಪಕ್ಕ ಕಾಲು ಇಳಿಬಿಟ್ಟುಕೊಂಡು ನನ್ನ ಗಂಡ ಕೂತಿದ್ದರು. ಬೆಳಿಗ್ಗೆ ಗೆಳೆಯನನ್ನು ನೋಡಿ ಬರುತ್ತೇನೆಂದು ಹೋದವರು.

"ಹ್ವಾಯ್, ಎಂತದು ಅದು?" ಎಂದು ಮೇಲಿನಿಂದಲೇ ಕೇಳಿದೆ.

"ಮೇಲೆ ತಂದ ಮೇಲೆ ಹೇಳ್ತೇನೆ ಮಾರಾಯ್ತಿ," ಅಂದರು.

ಲಿಫ್ಟಿನೊಳಗೆ ಅದು ಹೋಗಲಿಲ್ಲ. ನಾಲ್ಕು ಜನ ಹಮಾಲರು ಮೂರು ಮಾಳಿಗೆ ಹೊತ್ತು ತಂದರು. ಬಾಗಿಲಲ್ಲಿ ಸಿಕ್ಕಿಕೊಂಡಿತು, ಓರೆ ಮಾಡಿ ಒಳಗೆ ತಳ್ಳಿದರು. ನಮ್ಮದು ಒಂದು ಹಾಲ್, ಒಂದು ಮಲಗುವ ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟು. ಹಾಲ್‌ನ ಕಿಟಕಿಯ ಪಕ್ಕ, ಒಳ್ಳೆಯ ಬೆಳಕು ಬೀಳುವ ಜಾಗದಲ್ಲಿ ಇಪ್ಪತ್ತು ವರ್ಷದಿಂದ ನನ್ನ ಹೊಲಿಗೆ ಮಶೀನು ಇತ್ತು. ಅದನ್ನು ಅಡುಗೆಮನೆಗೆ ಸಾಗಿಸಿ ಆ ಜಾಗದಲ್ಲಿ ಪೆಟ್ಟಿಗೆಯನ್ನು ನಿಲ್ಲಿಸಿದರು. ಗೋಣಿ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಇಲಿ, ಜಿರಲೆ, ಹಸಿ ಪ್ಲೈವುಡ್. ಆಮೇಲೆ ಕಂಡದ್ದು ಒಂದು ಗಾಜಿನ ಪರದೆ, ಅದರ ಕೆಳಗೆ ಒಂದು ಕೋಲು, ಎರಡು ಕೆಂಪು ಬಟನ್.

"ಇದು ವಿಡಿಯೋ ಗೇಮ್ ಮಶೀನು," ಅಂದರು.

"ಅದು ಕಾಣ್ತದೆ. ಇಲ್ಲಿ ಯಾಕೆ?"

ಅವರು ಪೆಟ್ಟಿಗೆಯ ಬಲಬದಿಯ ಕೆಳಗೆ ಕೂತು, ಅಂಗೈಯಗಲದ ಒಂದು ತಗಡಿನ ತೇಪೆಯನ್ನು ಬೆರಳಿನಿಂದ ಸವರುತ್ತಿದ್ದರು.

ನಾನು ಇವರನ್ನು ಮದುವೆಯಾದ ಕಾಲಕ್ಕೆ ಇವರ ಕೆಲಸವೇ ಇಂಥ ಮಶೀನುಗಳ ರಿಪೇರಿಯಾಗಿತ್ತು. ಪಡುಬಿದ್ರೆಯ ಕಡೆಯಿಂದ ಬಂದು ಕಲ್ಯಾಣದಲ್ಲಿ ಮಾವನ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾ, ಬಿಡುವಿನಲ್ಲಿ ರೇಡಿಯೋ, ಟಿವಿ ರಿಪೇರಿ ಕಲಿತವರು. ಆಗ ಸ್ಟೇಷನ್ನುಗಳ ಹೊರಗೆಲ್ಲ ಗೇಮ್ ಪಾರ್ಲರುಗಳು. ಇವರು ಹೆಗಲಿಗೊಂದು ಚೀಲ ಹಾಕಿಕೊಂಡು ಲೋಕಲ್ ಗಾಡಿಯಲ್ಲಿ ವಿಠ್ಠಲವಾಡಿ, ಕಲ್ಯಾಣ, ಥಾಣೆ, ವಾಶಿ ಎಂದು ತಿರುಗುತ್ತಿದ್ದರು. ಯಾವ ಮಶೀನು ಹಾಳಾದರೂ ಪಾರ್ಲರಿನವರು ಇವರಿಗೆ ಹೇಳಿಕಳಿಸುತ್ತಿದ್ದರು. ಮಗಳು ಶಾಲೆಗೆ ಹೋಗುವ ಹೊತ್ತಿಗೆ ಪಾರ್ಲರುಗಳು ಒಂದೊಂದೇ ಮುಚ್ಚಿದವು, ಆ ಜಾಗದಲ್ಲಿ ಮೊಬೈಲ್ ಅಂಗಡಿಗಳು ಬಂದವು. ಇವರು ಬೇಲಾಪುರದ ಒಂದು ಆಫೀಸು ಕಟ್ಟಡದಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿ, ದಿನಾ ಥಾಣೆಯಲ್ಲಿ ಗಾಡಿ ಬದಲಿಸಿ ಹೋಗಿಬಂದು, ಅಲ್ಲಿಂದಲೇ ನಿವೃತ್ತರಾದರು.

ನಿವೃತ್ತಿಯ ಮೊದಲ ಆರು ತಿಂಗಳು ಹೇಗೋ ಕಳೆಯಿತು. ಪೇಪರನ್ನು ಓದಿದ್ದೇ ಓದುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಅಂಗಿಯ ಗುಂಡಿ ಹಾಕಲು ಕೂತರೆ ಹತ್ತು ನಿಮಿಷ. "ಆಫೀಸಿಲ್ಲ ಅಂತ ಇಷ್ಟು ಸೋಮಾರಿತನವಾ?" ಎಂದು ನಾನು ಗದರಿದ್ದುಂಟು. ಬಜಾರಿಗೆ ಹೋದರೆ ಹಿಂದೆ ಉಳಿಯುತ್ತಿದ್ದರು. ಮೊದಲು ಇವರ ನಡಿಗೆಗೆ ಸಮ ಹಾಕಲು ನಾನು ಓಡಬೇಕಾಗಿತ್ತು. ಈಗ ನಾನು ಮುಂದೆ ಹೋಗಿ ತರಕಾರಿ ಗಾಡಿಯ ಹತ್ತಿರ ಕಾಯುತ್ತಿದ್ದೆ, ಕಾದು ಸಿಡುಕುತ್ತಿದ್ದೆ. ಆ ಸಿಡುಕುಗಳೆಲ್ಲ ಈಗ ನೆನಪಿಗೆ ಬರುತ್ತವೆ.

ಭಿವಂಡಿಯ ಗೋದಾಮುಗಳ ಹತ್ತಿರ ಕ್ಯಾಂಟೀನ್ ನಡೆಸುವ ಇವರ ಊರಿನ ಗೆಳೆಯರೊಬ್ಬರು ಫೋನಿಗೆ ಒಂದು ಫೋಟೋ ಕಳಿಸಿದ್ದರಂತೆ. ಗೋದಾಮಿನ ಮೂಲೆಯಲ್ಲಿ ಬಿದ್ದ ಹಳೆಯ ಸಾಮಾನಿನ ರಾಶಿಯಲ್ಲಿ ಒಂದು ಗೇಮ್ ಮಶೀನು, ಬಲಬದಿಯಲ್ಲಿ ತಗಡಿನ ತೇಪೆ. ಆ ತೇಪೆ ಇವರೇ ಹೊಡೆದದ್ದು. ವಿಠ್ಠಲವಾಡಿ ಸ್ಟೇಷನ್ ಪಕ್ಕದ ಪಾರ್ಲರಿನಲ್ಲಿ ಯಾರೋ ಸೋತ ಸಿಟ್ಟಿಗೆ ಒದ್ದು ತೂತು ಮಾಡಿದ್ದಕ್ಕೆ. ಇದೆಲ್ಲ ನನಗೆ ಎರಡು ದಿನದ ಮೇಲೆ, ನನ್ನ ಮುಖದ ಗಂಟು ಸ್ವಲ್ಪ ಸಡಿಲಾದ ಮೇಲೆ ಹೇಳಿದರು.

ಹಿಂದಿನ ಬಾಗಿಲು ತೆಗೆದ ದಿನ ನನ್ನನ್ನು ಕರೆದರು. "ಇಲ್ಲಿ ಬಾ, ನೋಡು." ಬಾಗಿಲಿನ ಒಳಮೈಯ ಪ್ಲೈವುಡ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಸಾಲುಗಳು. ಕನ್ನಡದಲ್ಲಿ. ಪ್ರತಿ ಸಲ ರಿಪೇರಿಗೆ ಹೋದಾಗ ಮಾಡಿದ್ದನ್ನು ಅಲ್ಲೇ ಗುರುತು ಹಾಕುತ್ತಿದ್ದರಂತೆ. ಅಲ್ಲಿ ಯಾರಿಗೂ ಕನ್ನಡ ಓದಲು ಬಾರದ ಕಾರಣ ಮನಸ್ಸಿಗೆ ಬಂದದ್ದನ್ನೂ ಸೇರಿಸುತ್ತಿದ್ದರು. 'ಎರಡನೇ ಬಟನ್ ಹೊಸತು.' 'ಮಾಲೀಕ ಮಹಾ ಜಿಪುಣ, ಹಳೇ ವಯರೇ ಹಾಕಿದೆ.' 'ಕೋಲು ಸಡಿಲ, ಸರಿ ಮಾಡಿದೆ.' ದೊಡ್ಡ ದೊಡ್ಡ, ನೇರವಾದ ಅಕ್ಷರಗಳು. ತಲೆಕಟ್ಟುಗಳೆಲ್ಲ ಗೆರೆ ಎಳೆದ ಹಾಗೆ. ಕೆಳಗಿನ ಸಾಲು: 'ನಾಳೆ ಊರಿಗೆ. ಹೆಣ್ಣು ನೋಡ್ಲಿಕ್ಕೆ.'

ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. "ನನ್ನನ್ನು ನೋಡ್ಲಿಕ್ಕೆ ಬಂದದ್ದಾ?" ಎಂದು ಕೇಳಿದೆ.

ಅವರು ಆ ಸಾಲನ್ನೇ ನೋಡುತ್ತಾ ಹೇಳಿದರು: "ಅಲ್ಲ. ನಿನಗಿಂತ ಮೊದಲು ಒಬ್ಬಳನ್ನು ನೋಡಿದ್ದೆ. ಬೊಂಬಾಯಿಯ ಮೆಕ್ಯಾನಿಕ್ ಬೇಡ ಅಂದಳು."

ಇಬ್ಬರೂ ತುಂಬ ಹೊತ್ತು ನಕ್ಕೆವು. ಆ ಮಶೀನನ್ನು ನಾನು ಒಪ್ಪಿಕೊಂಡದ್ದು ಅವತ್ತು.

ಮೊದಲು ಮರದ ಕೆಲಸ. ಕೆಳಭಾಗವನ್ನು ಒರಲೆ ತಿಂದು ಹಾಕಿತ್ತು. ಅದನ್ನು ಕೊಯ್ದು ಹೊಸ ಪ್ಲೈ ಕೂರಿಸಲು ಒಬ್ಬ ಬಡಗಿ ಬಂದ. ಆಮೇಲೆ ಒಳಗಿನ ವಯರುಗಳ ಸರದಿ. ಅವು ನಲವತ್ತಕ್ಕೂ ಮಿಕ್ಕಿದ್ದವು, ಎಲ್ಲ ಒಂದೇ ಮಸಿಬಣ್ಣ. ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಬಿಳಿ ಟೇಪಿನ ಚೀಟಿ ಸುತ್ತಿ, ಯಾವುದು ಎಲ್ಲಿಗೆ ಎಂದು ಪೆನ್ನಿನಲ್ಲಿ ಬರೆಯಬೇಕು. ಎರಡು ದಿನ ಕೂತು ಬರೆದರು. ಮೂರನೇ ದಿನ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ನನ್ನನ್ನು ಕರೆದರು. "ಚೀಟಿ ಓದಿ ಹೇಳು ನೋಡುವ, ನಾನು ಪುಸ್ತಕದಲ್ಲಿ ಬರ್ಕೊಳ್ತೇನೆ."

ಮೊದಲ ಐದಾರು ಚೀಟಿ ಓದಿದೆ. ಎಡ ಬಟನ್. ಬಲ ಬಟನ್. ಕೋಲು ಮೇಲೆ. ಆಮೇಲಿನವು ಕಷ್ಟವಾದವು. ಅಕ್ಷರ ಸಣ್ಣದಾಗುತ್ತಾ ಹೋಗಿತ್ತು. ಇಪ್ಪತ್ತನೆಯದರ ಹೊತ್ತಿಗೆ ಇರುವೆ ಸಾಲು ಹೋದ ಹಾಗೆ. ಒಂದು ಚೀಟಿಯೊಳಗೇ ಮೊದಲ ಅಕ್ಷರ ದೊಡ್ಡದು, ಕೊನೆಯದು ಬರೀ ಚುಕ್ಕೆ. ದಾರ ಪೋಣಿಸುವ ನನ್ನ ಕಣ್ಣಿಗೇ ಕಾಣಲಿಲ್ಲ.

"ಇದೆಂತ ಬರೆದದ್ದು ನೀವು?"

ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಅವರಿಗೂ ಓದಲಾಗಲಿಲ್ಲ. "ಪೆನ್ನು ಸರಿ ಇರ್ಲಿಲ್ಲ," ಅಂದರು. ಬೇರೆ ಪೆನ್ನು ಕೊಟ್ಟೆ. 'ಪರದೆಯ ವಯರು' ಎಂದು ಬರೆಯಲು ಹೋಗಿ, ಬರೆಯುತ್ತಾ ಬರೆಯುತ್ತಾ ಕೊನೆಗೆ ಕಾಳಿನಷ್ಟಾಯಿತು. ಬೇಕೆಂದೇ ದೊಡ್ಡದಾಗಿ ಬರೆಯಲು ನೋಡಿದರು, ಮೂರು ಅಕ್ಷರ ದೊಡ್ಡದಾಗಿ ಬಂತು, ಮತ್ತೆ ಇಳಿಯಿತು. ಕಣ್ಣು ಪರೀಕ್ಷೆ ಮಾಡಿಸಿ ಎಂದೆ. ಆಯ್ತು ಎಂದರು.

ಕಣ್ಣಿನದಲ್ಲ ಎಂದು ನನಗೆ ಗೊತ್ತಾದದ್ದು ಸೋಲ್ಡರಿಂಗ್ ಶುರುವಾದಾಗ. ಬೋರ್ಡಿನ ಹಳೆಯ ಬೆಸುಗೆಗಳೆಲ್ಲ ಬಿರುಕು ಬಿಟ್ಟಿದ್ದವು. ಒಂದೊಂದನ್ನೂ ಬಿಸಿ ಮಾಡಿ ಮತ್ತೆ ಸೀಸ ತುಂಬಬೇಕು. ಜೀವನವಿಡೀ ಮಾಡಿದ ಕೆಲಸ ಅದು. ಕಾಯಿಸಿದ ಸೋಲ್ಡರಿಂಗ್ ಐರನ್ ಹಿಡಿದು ಕೂತರು. ಅವರ ಬಲಗೈ ಮೇಜಿನ ಮೇಲೆ ಸುಮ್ಮನಿದ್ದಾಗ ಹೆಬ್ಬೆರಳು, ತೋರುಬೆರಳು ಬೀಡಿ ಸುತ್ತುವ ಹಾಗೆ ತಾವೇ ಆಡುತ್ತಿದ್ದವು. ಐರನ್ ಎತ್ತಿದ ಕೂಡಲೇ ಆಟ ನಿಲ್ಲುತ್ತಿತ್ತು, ಆದರೆ ಕೈ ಹೇಳಿದ ಕಡೆ ಹೋಗುತ್ತಿರಲಿಲ್ಲ. ನಿಧಾನವಾಗಿ, ಯಾರೋ ತೋಳು ಹಿಡಿದು ಎಳೆದ ಹಾಗೆ ಹೋಗಿ, ಬೆಸೆಯಬೇಕಾದ ತಂತಿಯ ಕಾಲನ್ನು ಬಿಟ್ಟು ಪಕ್ಕದ ಎರಡು ಕಾಲುಗಳನ್ನು ಸೇರಿಸಿ ಬೆಸೆಯಿತು. ಬಿಡಿಸಿದರು. ಮತ್ತೆ ಅದೇ ಆಯಿತು. ನಾಲ್ಕನೆಯ ಸಲ ಐರನ್ನನ್ನು ಸ್ಟ್ಯಾಂಡಿಗೆ ಇಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತರು. ನಾನು ಅಡುಗೆಮನೆಯಲ್ಲಿ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದೆ. ಮತ್ತೆ ಪೆಡಲ್ ತುಳಿದೆ, ಮಶೀನಿನ ಸದ್ದಾದರೂ ಇರಲಿ ಎಂದು.

ಥಾಣೆಯ ಒಬ್ಬ ನರರೋಗದ ಡಾಕ್ಟರ ಹತ್ತಿರ ಹೋದೆವು. ಮಗಳು ಖಾರ್‌ಘರ್‌ನಿಂದ ನೇರ ಅಲ್ಲಿಗೇ ಬಂದಳು. ಡಾಕ್ಟರು ಇವರನ್ನು ನಡೆಸಿ ನೋಡಿದರು, ಬೆರಳು ತಟ್ಟಿಸಿದರು, ತೋಳು ಮಡಚಿ ನೋಡಿದರು. ಕೊನೆಗೆ ಒಂದು ಹಾಳೆ ಕೊಟ್ಟು, ಯಾವ ಭಾಷೆಯಲ್ಲಾದರೂ ಸರಿ, ಒಂದು ಸಾಲು ಬರೆಯಿರಿ ಅಂದರು. ಇವರು ಬರೆದರು. ನಾನು ಫೋನು ತೆಗೆದು, ಮಶೀನಿನ ಬಾಗಿಲಿನ ಮೇಲಿನ ಪೆನ್ಸಿಲ್ ಬರಹದ ಫೋಟೋ ತೋರಿಸಿದೆ. "ಇದೂ ಇವರದ್ದೇ, ಮದುವೆಗೆ ಮೊದಲಿನದ್ದು," ಎಂದೆ. ಡಾಕ್ಟರರಿಗೆ ಕನ್ನಡ ಬರುವುದಿಲ್ಲ. ಆದರೂ ಫೋನನ್ನು ಹಾಳೆಯ ಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಮರಾಠಿಯಲ್ಲಿ, ಮೆಲ್ಲಗೆ, ಪಾರ್ಕಿನ್ಸನ್ ಅಂದರು. ಪೂರ್ತಿ ಗುಣವಾಗುವ ಮದ್ದಿಲ್ಲ, ಹಿಡಿತದಲ್ಲಿಡುವ ಮದ್ದಿದೆ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು.

"ಯಾವುದರಿಂದ ಬಂತು?" ಎಂದು ಇವರು ಕೇಳಿದರು.

"ಕಾರಣ ಹೀಗೆಯೇ ಅಂತ ಹೇಳಲಿಕ್ಕೆ ಬರುವುದಿಲ್ಲ ಕಾಕಾ," ಅಂದರು ಡಾಕ್ಟರು.

ಜೀವಮಾನವಿಡೀ ಯಾವುದು ಕೆಟ್ಟರೂ ಕಾರಣ ಹುಡುಕಿ ತೆಗೆದ ಮನುಷ್ಯ. ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತ್ತು. ದಿವಾ ಸ್ಟೇಷನ್ ದಾಟಿತು. ಆಮೇಲೆ ಅವರು ಅಂದರು: "ಬೋರ್ಡಿನ ಕೆಲಸ ಅರ್ಧದಲ್ಲೇ ಉಂಟು."

"ನೀವು ಹೇಳಿಕೊಡಿ. ನಾನು ಮಾಡ್ತೇನೆ," ಎಂದೆ.

ಅದು ಧೈರ್ಯದಿಂದ ಹೇಳಿದ ಮಾತಲ್ಲ. ಆ ಹೊತ್ತಿಗೆ ಬೇರೇನೂ ಕೊಡಲು ನನ್ನ ಹತ್ತಿರ ಇರಲಿಲ್ಲ, ಅಷ್ಟೇ.

ಕಲಿಸುವಾಗ ಇವರ ನಾಲಿಗೆ ಕತ್ತರಿ. ಒಂದು ಸತ್ತ ಬೋರ್ಡನ್ನು ಕೊಟ್ಟು ಅದರ ಮೇಲೆ ಅಭ್ಯಾಸ ಮಾಡಿಸಿದರು. ನಾನು ಐರನ್ನಿಗೆ ಸೀಸ ಹಚ್ಚಿ ಮೆತ್ತುತ್ತಿದ್ದೆ. "ಅದೆಂತ, ದೋಸೆಗೆ ಬೆಣ್ಣೆ ಹಚ್ಚುದಾ? ಸೀಸವನ್ನು ಬಿಸಿ ಮಾಡ್ಬೇಡ. ಕಾಲನ್ನು ಬಿಸಿ ಮಾಡು. ಅದು ಕಾದರೆ ಸೀಸ ತಾನಾಗಿ ಓಡಿ ಬರ್ತದೆ."

"ಬೊಬ್ಬೆ ಹಾಕ್ಬೇಡಿ. ಕೈ ಸುಡ್ತದೆ."

"ಸುಟ್ಟರೆ ಗೊತ್ತಾಗ್ತದೆ."

ಬೆರಳು ಸುಟ್ಟಿತು. ಗೊತ್ತೂ ಆಯಿತು. ನಮ್ಮ ಮನೆಯ ಮಾತು ಇವರ ತುಳು, ನನ್ನ ಕುಂದಾಪುರ ಕಡೆಯ ಕನ್ನಡ, ಇಲ್ಲಿಯ ಹಿಂದಿ ಎಲ್ಲ ಸೇರಿದ ಬೆರಕೆ. ಜಗಳ ಜೋರಾದರೆ ಇವರು ತುಳುವಿಗೆ ಹೋಗುತ್ತಾರೆ, ನಾನು ಹಿಂದಿಗೆ. ಆ ತಿಂಗಳು ನಾವು ಮದುವೆಯಾದ ಮೇಲೆ ಆಡಿದಷ್ಟೂ ಜಗಳವನ್ನು ಮತ್ತೊಮ್ಮೆ ಆಡಿದೆವು. ಆದರೆ ಮೂವತ್ತು ವರ್ಷ ಸೂಜಿ ಹಿಡಿದ ಕೈ ನನ್ನದು. ಎಂಟು ಹತ್ತು ದಿನದಲ್ಲಿ ಬೆಸುಗೆ ದುಂಡಗೆ, ಹೊಳೆಯುವ ಹಾಗೆ ಬೀಳತೊಡಗಿತು. ಒಂದು ಮಧ್ಯಾಹ್ನ ಒಂದೇ ಸಾಲಿನಲ್ಲಿ ಹದಿನಾಲ್ಕು ಕಾಲು ತಪ್ಪಿಲ್ಲದೆ ಬೆಸೆದೆ. ಅವರು ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದರು.

"ಚಂದ ಬಂದಿದೆ," ಅಂದರು. "ನನಗೆ ಇದು ಕಲೀಲಿಕ್ಕೆ ಒಂದು ವರ್ಷ ಹಿಡಿದಿತ್ತು."

ಹೇಳಿ ಎದ್ದು ಹೋಗಿ ಮಲಗುವ ಕೋಣೆಯ ಬಾಗಿಲು ಎಳೆದುಕೊಂಡರು. ನಾನು ಐರನ್ ಹಿಡಿದುಕೊಂಡೇ ಕೂತೆ. ಚಂದ ಬಂದದ್ದು ತಪ್ಪಾಯಿತೇನೋ, ಒಂದೆರಡು ಕೆಡಿಸಬೇಕಾಗಿತ್ತೇನೋ ಅನಿಸಿತು.

ಕೊನೆಗೆ ಉಳಿದದ್ದು ಪಿಕ್ಚರ್ ಟ್ಯೂಬು. ಹಳೇ ಟಿವಿಯಲ್ಲಿದ್ದಂಥ ದೊಡ್ಡ ಗಾಜಿನದು. ಸ್ವಿಚ್ ಹಾಕಿ ನೋಡಿದಾಗ ಮಂಜು ಮುಸುಕಿದ ಬೆಳಕು ಬರುತ್ತಿತ್ತು, ಅಷ್ಟೇ. ಅದನ್ನು ಸರಿ ಮಾಡಲು ಟ್ಯೂಬಿನ ಹಿಂಬದಿಗೆ ಕೈ ಹಾಕಬೇಕು. ಆದರೆ ಪ್ಲಗ್ ಕಿತ್ತರೂ ಅದರೊಳಗೆ ಕರೆಂಟು ಉಳಿದುಕೊಂಡಿರುತ್ತದಂತೆ, ಸಾವಿರಗಟ್ಟಲೆ ವೋಲ್ಟ್. ಮೊದಲು ಅದನ್ನು ಇಳಿಸಬೇಕು. ಉದ್ದದ ಸ್ಕ್ರೂಡ್ರೈವರಿಗೆ ಒಂದು ವಯರು ಕಟ್ಟಿ, ವಯರಿನ ಇನ್ನೊಂದು ತುದಿಯನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ಟ್ಯೂಬಿನ ನೆತ್ತಿಯ ರಬ್ಬರ್ ಮುಚ್ಚಳದ ಅಡಿಗೆ ಸ್ಕ್ರೂಡ್ರೈವರಿನ ತುದಿಯನ್ನು ನುಗ್ಗಿಸಬೇಕು.

"ಅದು ನಾನು ಮಾಡುದು," ಅಂದರು.

"ಬೇಡ. ಯಾರಾದ್ರೂ ಮೆಕ್ಯಾನಿಕ್ಕನ್ನು ಕರೆಸುವ."

"ಯಾರುಂಟು ಈಗ? ಇದನ್ನು ಮುಟ್ಟಿದವರೆಲ್ಲ ಒಂದೋ ಸತ್ತಿದ್ದಾರೆ, ಇಲ್ಲದಿದ್ರೆ ನನ್ನ ಹಾಗೆ ಮನೆಯಲ್ಲಿದ್ದಾರೆ."

"ಹಾಗಾದ್ರೆ ನಾನು ಮಾಡ್ತೇನೆ."

"ನಿನ್ನನ್ನು ಇದಕ್ಕೆ ಬಿಡುದಿಲ್ಲ." ಆ ಧ್ವನಿಗೆ ಎದುರಾಡಲು ಆಗಲಿಲ್ಲ.

ಅಂಗಿಯ ತೋಳು ಮಡಚಿದರು, ರಬ್ಬರ್ ಚಪ್ಪಲಿ ಮೆಟ್ಟಿದರು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಎರಡು ಕೈ ಒಟ್ಟಿಗೆ ಒಳಗೆ ಹಾಕಬಾರದೆಂಬುದು ಮೊದಲ ಪಾಠವಂತೆ. "ಎಂತ ಆದ್ರೂ ನನ್ನನ್ನು ಮುಟ್ಬೇಡ," ಅಂದರು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತೆ. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು, ಆದರೂ ನಾನು ಗೋಡೆಯ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಆರಿಸಿದ ಸ್ವಿಚ್ಚನ್ನು ಇನ್ನೇನು ಆರಿಸುವುದು? ಆದರೂ ಕೈ ಅಲ್ಲೇ ಇತ್ತು.

ಬಲಗೈ ಒಳಗೆ ಹೋಯಿತು. ಮುಚ್ಚಳದ ಹತ್ತಿರ, ಗೇಣು ದೂರದಲ್ಲಿ ನಿಂತುಬಿಟ್ಟಿತು. ನಡುಗಲಿಲ್ಲ, ಬರೀ ನಿಂತಿತು. ಅವರ ಕುತ್ತಿಗೆಯ ನರ ಉಬ್ಬಿದ್ದು ಹಿಂದಿನಿಂದ ಕಾಣುತ್ತಿತ್ತು. ಬೆವರು ಕಿವಿಯ ಹಿಂದೆ ಇಳಿಯಿತು. ಮುಂದಕ್ಕೆ ಒಂದಂಗುಲ ಹೋಯಿತು, ಮತ್ತೆ ನಿಂತಿತು. ಕೈ ಹಿಡಿದು ಮುಂದೆ ತಳ್ಳಬೇಕೆನಿಸಿತು, ಹಿಂದೆ ಎಳೆಯಬೇಕೆನಿಸಿತು. ಮುಟ್ಟಬಾರದೆಂದಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಹತ್ತಿರ ನಿಂತು ಅಷ್ಟು ದೂರವಾಗಿದ್ದದ್ದು ನನಗೆ ನೆನಪಿಲ್ಲ. ಕೆಳಗೆ ರಸ್ತೆಯಲ್ಲಿ ಹಳೇ ಸಾಮಾನು ಕೊಳ್ಳುವ ಭಂಗಾರಿನವನು ಕೂಗುತ್ತಾ ಹೋದ. ಅವನ ಕೂಗು ತಿರುವಿನಲ್ಲಿ ಕರಗುವ ತನಕವೂ ಆ ಕೈ ಅಲ್ಲೇ ಇತ್ತು.

ಆಮೇಲೆ ತುದಿ ರಬ್ಬರಿನ ಅಡಿಗೆ ಹೋಯಿತು. 'ಟಕ್' ಎಂದು ನಟಿಕೆ ಮುರಿದಷ್ಟು ಸಣ್ಣ ಸದ್ದು. ಅಷ್ಟೇ. ಅವರು ಕೈ ಹೊರಗೆ ತೆಗೆದು ನೆಲದ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

ಟ್ಯೂಬಿನ ಹಿಂದಿನ ಸಣ್ಣ ಬೋರ್ಡಿನಲ್ಲಿ ಅವರು ಬೆರಳು ತೋರಿಸಿದ ನಾಲ್ಕು ಭಾಗಗಳನ್ನು ನಾನು ಬದಲಿಸಿದೆ. ಮಾರನೆಯ ದಿನ ಬೆಳಿಗ್ಗೆ ಸ್ವಿಚ್ ಹಾಕಿದಾಗ ಪರದೆ ಕಪ್ಪಗಿತ್ತು. ಆಮೇಲೆ ನೀಲಿ ಚುಕ್ಕೆಗಳು, ಆಮೇಲೆ ಮೇಲಿನಿಂದ ಸಾಲುಸಾಲಾಗಿ ಇಳಿಯುವ ಆಕಾಶ ಹಡಗುಗಳು, ಕೆಳಗೆ ಅವನ್ನು ಹೊಡೆದುರುಳಿಸಬೇಕಾದ ನಮ್ಮ ಒಂದು ಪುಟ್ಟ ಹಡಗು. ಗಂಟಲು ಕಟ್ಟಿದ ಹಾಗೆ ಸ್ಪೀಕರಿನಿಂದ ಸಂಗೀತವೂ ಬಂತು. ಎದುರು ಮನೆಯವರು ಬಾಗಿಲು ತೆಗೆದು ನೋಡಿದರು. ಇವರು ನನ್ನ ಭುಜದ ಮೇಲೆ ಕೈಯಿಟ್ಟರು.

ಭಾನುವಾರ ಮಗಳು ಬಂದಳು. ನಮ್ಮ ಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಯೆ ತೋ ಸಚ್ ಮೇ ಚಲ್ ರಹಾ ಹೈ!" ಎಂದು, ಮಶೀನು ನಿಜಕ್ಕೂ ನಡೆಯುವುದನ್ನು ಕಂಡು ಕುಣಿದಳು. ಮೂರು ಆಟ ಆಡಿ ಸೋತಳು. "ಆಪ್ ಖೇಲೋ ನಾ," ಎಂದು ಅಪ್ಪನನ್ನು ಎಳೆದು ನಿಲ್ಲಿಸಿದಳು. ಪಾರ್ಲರಿನ ಕಾಲದಲ್ಲಿ ರಿಪೇರಿ ಮುಗಿದ ಮೇಲೆ ಪರೀಕ್ಷೆಗೆಂದು ಇವರು ಆಡಿದರೆ ಜನ ಸುತ್ತ ನಿಂತು ನೋಡುತ್ತಿದ್ದರಂತೆ.

ಇವರು ಕೋಲು ಹಿಡಿದರು. ಮೇಲಿನಿಂದ ಮೊದಲ ಹಡಗು ಬಂತು. ಇವರ ಕೈ ಹೊರಡುವ ಹೊತ್ತಿಗೆ ಅದು ನಮ್ಮ ಹಡಗಿಗೆ ಹೊಡೆದು ಹೋಗಿಯಾಗಿತ್ತು. ಎರಡನೆಯ ಹಡಗಿಗೂ ಹಾಗೇ ಆಯಿತು. ಮೂರನೆಯದಕ್ಕೆ ಕೈ ಹೊರಡಲೇ ಇಲ್ಲ. ಮೂರು ಹೊಡೆತಕ್ಕೆ, ಒಂದು ನಿಮಿಷವೂ ಆಗದೆ, ಆಟ ಮುಗಿದಿತ್ತು.

ಮಗಳು ನನ್ನ ಕಡೆ ನೋಡಿ, ಬೇಗ ಬೇಗ ಅಂದಳು: "ಪುರಾನಾ ಮಶೀನ್ ಹೈ ಪಪ್ಪಾ, ಬಟನ್ ಲೇಟ್ ಹೋ ರಹಾ ಹೈ."

"ಬಟನ್ ಸರಿ ಉಂಟು," ಅಂದರು ಅವರು. "ಅದು ನಿನ್ನ ಅಮ್ಮ ಮಾಡಿದ್ದು."

ಮಗಳು ಅಡುಗೆಮನೆಗೆ ಬಂದು ನನ್ನ ಹೊಲಿಗೆ ಮಶೀನಿನ ಮೇಲೆ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನು ಸವರಿದೆ. ಹಾಲ್‌ನಲ್ಲಿ ಆ ಸಂಗೀತ ಬರುತ್ತಲೇ ಇತ್ತು.

ಅವರು ಮತ್ತೆ ಆಡಲಿಲ್ಲ. ಆದರೆ ಯಾರೂ ಆಡದಿದ್ದಾಗ ಆ ಮಶೀನು ತಾನೇ ಆಡಿ ತೋರಿಸುತ್ತದೆ. ದಿನಾ ಊಟವಾದ ಮೇಲೆ ಸ್ವಿಚ್ ಹಾಕಿ, ಎದುರಿಗೆ ಕುರ್ಚಿ ಹಾಕಿಕೊಂಡು ಅದನ್ನು ನೋಡುತ್ತಿದ್ದರು. ನಾನು ಒಳಗೆ ಹೊಲಿಯುತ್ತಿದ್ದೆ. ಅಳತೆ ಕೊಡಲು ಬಂದ ಹೆಂಗಸರು ಆ ಸದ್ದು ಕೇಳಿ ನಕ್ಕರೆ ನಾನೂ ನಗುತ್ತಿದ್ದೆ. ಎರಡು ವಾರವಾಗಿತ್ತೇನೋ, ಒಂದು ದಿನ ಚಟಚಟ ಸದ್ದಾಗಿ, ಸುಟ್ಟ ವಾಸನೆ ಬಂದು ಪರದೆ ಕಣ್ಣು ಮುಚ್ಚಿತು. ನಾನು ಓಡಿಬಂದು ಪ್ಲಗ್ ಕಿತ್ತೆ. ಟ್ಯೂಬಿಗೆ ಕರೆಂಟು ಕೊಡುವ ಇಎಚ್‌ಟಿ ಎಂಬ ಭಾಗ ಸುಟ್ಟಿತ್ತು. ಟ್ಯೂಬಿನ ಕರೆಂಟು ಇಳಿಸುವುದಕ್ಕೆ ಈ ಸಲ ಅವರು ತಾವೇ ಹೋಗಲಿಲ್ಲ. ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕರೆಂಟು ಇಳಿಸಿ ನಾನೇ ಬಿಚ್ಚಿ ತೆಗೆದ ಸುಟ್ಟ ಭಾಗವನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಇವರು ಹೇಳಿದ ಅಂಗಡಿಗಳನ್ನು ಹುಡುಕಿ ಹೊರಟೆ. ಮೊದಲು ಕಲ್ಯಾಣ. ಇವರು ಹೇಳಿದ ಎರಡು ಅಂಗಡಿಗಳಲ್ಲಿ ಒಂದು ಚಪ್ಪಲಿ ಅಂಗಡಿಯಾಗಿತ್ತು, ಇನ್ನೊಂದು ಇರಲೇ ಇಲ್ಲ. ಅಲ್ಲಿಂದ ವಿಠ್ಠಲವಾಡಿ. ಸ್ಟೇಷನ್ನಿನ ಹಿಂದೆ ಹಳೆಯ ಟಿವಿ ಸಾಮಾನಿನ ಒಂದು ಅಂಗಡಿ ಸಿಕ್ಕಿತು. ನನ್ನ ಮಗಳ ವಯಸ್ಸಿನವನೊಬ್ಬ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ. ಪೇಪರ್ ಬಿಚ್ಚಿ ತೋರಿಸಿದಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಆಂಟೀ, ಯೆ ಅಬ್ ನಹೀಂ ಮಿಲೇಗಾ," ಅಂದ. "ಎಲ್‌ಸಿಡಿ ಲಗಾ ದೋ, ಏಕ್ ದಿನ್ ಕಾ ಕಾಮ್ ಹೈ." ಈ ಭಾಗ ಇನ್ನು ಸಿಗುವುದಿಲ್ಲ, ಟ್ಯೂಬು ತೆಗೆದು ಎಲ್‌ಸಿಡಿ ಪರದೆ ಹಾಕಿಸಿ ಎಂದು ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮತ್ತೂ ಮೂರು ಕಡೆ ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು.

ಮನೆಗೆ ಬಂದಾಗ ನಾಲ್ಕೂವರೆ. ಬಾಗಿಲು ತೆಗೆದರೆ ಇವರು ಬಚ್ಚಲಿನ ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕೈ ಚೌಕಟ್ಟಿನ ಮೇಲೆ, ಕಣ್ಣು ಕಾಲಿನ ಮೇಲೆ.

"ಎಂತ ಆಯ್ತು?"

"ಕಾಲು ಬರುದಿಲ್ಲ."

"ಎಷ್ಟು ಹೊತ್ತಾಯ್ತು?"

"ಗೊತ್ತಿಲ್ಲ."

ಪಾದಗಳು ನೆಲಕ್ಕೆ ಅಂಟಿದ ಹಾಗಿದ್ದವು. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು, ಆದರೆ ಇಷ್ಟು ಬೇಗ ಎಂದು ನಾನು ಅಂದುಕೊಂಡಿರಲಿಲ್ಲ. ಎಳೆಯಬಾರದು, ಬೀಳುತ್ತಾರೆ. ಕಾಲಿಗೆ ಅಡ್ಡವಾಗಿ ಏನಾದರೂ ಇಟ್ಟು ದಾಟಲು ಹೇಳಬೇಕು. ಕೈಗೇನೂ ಸಿಗಲಿಲ್ಲ. ನನ್ನ ಪಾದವನ್ನೇ ಅವರ ಪಾದದ ಮುಂದೆ ಅಡ್ಡ ಇಟ್ಟೆ. "ಇದನ್ನು ದಾಟಿ," ಎಂದೆ. ಹೆಂಡತಿಯ ಕಾಲು ದಾಟುವುದೇ ಎಂಬ ಹಾಗೆ ನನ್ನ ಮುಖ ನೋಡಿದರು. "ದಾಟಿ," ಎಂದೆ ಮತ್ತೆ. ಬಲಗಾಲು ಎತ್ತಿದರು. ದಾಟಿದರು. ಇನ್ನೊಂದನ್ನೂ ತಂದರು. ಹಾಗೆ ಪಾದ ಅಡ್ಡ ಇಡುತ್ತಾ ಇಡುತ್ತಾ ಮಂಚದ ತನಕ ಬಂದೆವು.

ಕೂತ ಮೇಲೆ ಕೇಳಿದರು: "ಸಿಕ್ಕಿತಾ?"

"ಇಲ್ಲ."

"ಸಿಗುದಿಲ್ಲ ಅಂತ ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಕಳಿಸಿದ್ದು ಬಿಸಿಲಲ್ಲಿ?"

"ನೀನೇ ಚೀಲ ತಕೊಂಡು ಹೊರಟು ನಿಂತಿದ್ದಿ. ಬೇಡ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಯಾವ ಯಾವ ಅಂಗಡಿಗೆ ಹೋದೆ, ಯಾರು ಏನಂದರು ಎಂದು ಎಲ್ಲ ಕೇಳಿದರು. ಚಪ್ಪಲಿ ಅಂಗಡಿಯ ಸುದ್ದಿಗೆ ತಲೆಯಾಡಿಸಿದರು. ವಿಠ್ಠಲವಾಡಿಯ ಅಂಗಡಿಯವನ ಅಪ್ಪ ಒಳ್ಳೆಯ ಮನುಷ್ಯ, ಚಾ ಕುಡಿಸದೆ ಬಿಡುತ್ತಿರಲಿಲ್ಲ ಅಂದರು. ಎಲ್‌ಸಿಡಿಯ ಮಾತು ಬಂದಾಗ ಸುಟ್ಟ ಭಾಗವನ್ನು ಕೇಳಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

ಇದಾಗಿ ನಾಲ್ಕು ತಿಂಗಳು. ಎಲ್‌ಸಿಡಿ ಹಾಕಿಸಲಿಲ್ಲ, ಮಶೀನು ಕಪ್ಪು ಪರದೆಯೊಂದಿಗೆ ಕಿಟಕಿಯ ಪಕ್ಕವೇ ನಿಂತಿದೆ. ಮಾತ್ರೆ ಹೆಚ್ಚಿಸಿದ್ದಾರೆ. ಬೆಳಿಗ್ಗೆ ಸ್ವಲ್ಪ ಚುರುಕಾಗಿರುತ್ತಾರೆ, ಮಧ್ಯಾಹ್ನದ ಮೇಲೆ ನಿಧಾನ. ಅಂಗಿಯ ಗುಂಡಿ ನಾನು ಹಾಕುತ್ತೇನೆ, ಗದರುವುದಿಲ್ಲ. ಮೊನ್ನೆ ಮಗಳು ಬಂದಾಗ, ಹಾಲ್‌ನಲ್ಲಿ ಅಪ್ಪನಿಗೆ ನಡೆಯಲು ಜಾಗ ಸಾಲದು, ಆ ಮಶೀನನ್ನು ತೆಗೆಸಿಬಿಡೋಣ, ಅಮ್ಮನ ಹೊಲಿಗೆ ಮಶೀನೂ ಬೆಳಕಿಗೆ ಬರುತ್ತದೆ ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ಆಮೇಲೆ ಎದ್ದು ಹೋಗಿ ಆ ಪರದೆಯ ಮೇಲಿನ ಧೂಳು ಒರೆಸಿದೆ. ಅದನ್ನು ನೋಡಿ ಮಗಳೇ ಬೇರೆ ವಿಷಯ ತೆಗೆದಳು.